ಕಂಬಿಯ ಆಚೆ ನಿಂತವನ ಹೆಸರು

ಸರ್ಕಾರಿ ನೌಕರಿಗೆ ಅರ್ಜಿ ಕರೆದರೆಂದರೆ ದಾವಣಗೆರೆ ಹತ್ತಿರದ ನಮ್ಮ ಆನಗೋಡು ಸುತ್ತಿನ ಹುಡುಗರು ಮೊದಲು ನೋಡುವುದು ವಯೋಮಿತಿ, ಎತ್ತರ, ಎದೆಯ ಸುತ್ತಳತೆ. ಹುದ್ದೆಯ ಹೆಸರಿನ ಕಡೆ ಕಣ್ಣು ಹಾಯುವುದು ಆಮೇಲೆ. ಕಾರಾಗೃಹ ಇಲಾಖೆಯ ಹುದ್ದೆಯಾದರೆ ಅಲ್ಲೊಂದು ಸಣ್ಣ ತೊಡಕು ಕಾದಿರುತ್ತದೆ. ‘ವಾರ್ಡರ್’ ಎಂಬ ಹುದ್ದೆಗೆ ಇಲಾಖೆ ಇಟ್ಟಿರುವ ಕನ್ನಡದ ಹೆಸರು ‘ವೀಕ್ಷಕ’. ಅವನಿಗಿಂತ ಒಂದು ಮೆಟ್ಟಿಲು ಮೇಲಿನವನು ‘ಮುಖ್ಯ ವೀಕ್ಷಕ’.

ವೀಕ್ಷಕ ಎಂದರೆ ನೋಡುವವನು. ಟಿ.ವಿ.ಯಲ್ಲಿ ವಾರ್ತೆ ಓದುವವರು ‘ವೀಕ್ಷಕರೇ’ ಎಂದು ಕರೆಯುವುದು ಮನೆಯಲ್ಲಿ ಕೂತ ನಮ್ಮನ್ನು, ನಿಮ್ಮನ್ನು. ಕ್ರಿಕೆಟ್ಟಿಗೆ ವೀಕ್ಷಕ ವಿವರಣೆ ಇದೆ. ಚುನಾವಣೆ ಬಂದರೆ ಆಯೋಗದ ವೀಕ್ಷಕರು ಬರುತ್ತಾರೆ. ಮುಖ್ಯಮಂತ್ರಿಯನ್ನು ಆರಿಸುವ ಗದ್ದಲ ಎದ್ದರೆ ದೆಹಲಿಯಿಂದ ಹೈಕಮಾಂಡಿನ ವೀಕ್ಷಕರು ಇಳಿಯುತ್ತಾರೆ. ಇವರ ಸಾಲಿನಲ್ಲೇ ಕೀಲಿಕೈ ಗೊಂಚಲು ಹಿಡಿದು ರಾತ್ರಿಯಿಡೀ ಬ್ಯಾರಕ್ಕಿನ ಮುಂದೆ ಹೆಜ್ಜೆ ಹಾಕುವ ಮನುಷ್ಯನನ್ನೂ ತಂದು ನಿಲ್ಲಿಸಿದ್ದಾರೆ. ಪತ್ರಿಕೆಯಲ್ಲಿ ‘ಜೈಲು ವೀಕ್ಷಕ ಅಮಾನತು’ ಎಂದು ಓದಿದವರಿಗೆ, ಜೈಲು ನೋಡಲು ಹೋದವನನ್ನು ಅಮಾನತು ಮಾಡುವುದು ಹೇಗೆ ಎಂಬ ಅನುಮಾನ ಬಂದರೆ ತಪ್ಪು ಅವರದ್ದಲ್ಲ.

ಸರ್ಕಾರದ ಕನ್ನಡಕ್ಕೆ ಈ ‘ಈಕ್ಷ’ದ ಮೇಲೆ ಮೊದಲಿನಿಂದಲೂ ಒಲವು. ವೀಕ್ಷಕ, ಅಧೀಕ್ಷಕ, ನಿರೀಕ್ಷಕ, ಪರೀಕ್ಷಕ, ಪರಿವೀಕ್ಷಕ. ಎಲ್ಲವೂ ಸಂಸ್ಕೃತದ ‘ನೋಡು’ ಎಂಬ ಒಂದೇ ಧಾತುವಿನ ಮಕ್ಕಳು. ಕಂದಾಯ ನಿರೀಕ್ಷಕರು ಏನನ್ನು ನಿರೀಕ್ಷಿಸುತ್ತಾ ಕೂತಿರುತ್ತಾರೆ ಎಂಬ ನಗೆಮಾತು ನಾಡಕಚೇರಿಯ ಕಟ್ಟೆಯ ಮೇಲೆ ಎಷ್ಟು ಹಳೆಯದೋ. ಅಧೀಕ್ಷಕ, ನಿರೀಕ್ಷಕ ಎಂಬ ಹೆಸರುಗಳು ಹೇಗೋ ನಡೆಯುತ್ತವೆ, ಅವರ ಕೆಲಸದಲ್ಲಿ ನೋಡುವುದು ದೊಡ್ಡ ಪಾಲು. ವಾರ್ಡರನ ವಿಷಯ ಹಾಗಲ್ಲ.

ವಿಚಿತ್ರವೆಂದರೆ ಕನ್ನಡಕ್ಕೆ ಜೈಲಿನ ಪದಗಳಿಗೇನೂ ಬಡತನವಿಲ್ಲ. ಸೆರೆ, ಸೆರೆಮನೆ, ಕಾರಾಗಾರ, ಕಾರಾಗೃಹ, ಬಂದೀಖಾನೆ, ಜೈಲು. ಮೊನ್ನೆ ಮೊನ್ನೆಯವರೆಗೂ ಮಂತ್ರಿಮಂಡಲದಲ್ಲಿ ಬಂದೀಖಾನೆ ಸಚಿವರು ಇರುತ್ತಿದ್ದರು. ಒಳಗಿರುವವನಿಗೂ ಹೆಸರುಗಳ ಸಾಲೇ ಇದೆ: ಸೆರೆಯಾಳು, ಬಂದಿ, ಕೈದಿ, ಸಜಾಬಂದಿ, ವಿಚಾರಣಾಧೀನ ಬಂದಿ. ಒಳಗೆ ಹೋಗುವ ಕ್ರಿಯೆಗಂತೂ ಜನ ಎಷ್ಟು ರಸವತ್ತಾದ ಮಾತು ಕಟ್ಟಿದ್ದಾರೆ! ಕಂಬಿ ಎಣಿಸುವುದು, ಸರ್ಕಾರಿ ಮುದ್ದೆ ಮುರಿಯುವುದು, ಮಾವನ ಮನೆಗೆ ಹೋಗುವುದು, ಶ್ರೀಕೃಷ್ಣ ಜನ್ಮಸ್ಥಾನ ಸೇರುವುದು. ಈ ಕೊನೆಯದು ಕನ್ನಡದ ಸೊಗಸು. ದೇವರ ಹೆಸರಿನಲ್ಲಿ ಮಾನ ಉಳಿಸಿ, ಅದೇ ಉಸಿರಿನಲ್ಲಿ ಕಾಲೆಳೆಯುವ ಮಾತು.

ಅದೇ ಕೃಷ್ಣನ ಕಥೆಯನ್ನು ಹರಿಕಥೆಯಲ್ಲೋ ಬಯಲಾಟದಲ್ಲೋ ನೆನಪಿಸಿಕೊಳ್ಳಿ. ದೇವಕಿ, ವಸುದೇವ, ಕಂಸ, ಯಮುನೆ, ಬುಟ್ಟಿ, ಮೇಲೆ ಹೆಡೆ ಬಿಚ್ಚಿದ ಶೇಷ, ಎಲ್ಲರೂ ಇದ್ದಾರೆ. ಆ ರಾತ್ರಿ ಬಾಗಿಲಲ್ಲಿದ್ದ ಕಾವಲಿನವರು ಮಾತ್ರ ಮಾಯೆಗೆ ಸಿಕ್ಕಿ ಗೊರಕೆ ಹೊಡೆಯುತ್ತಾರೆ. ಅವರಿಗೆ ಹೆಸರಿಲ್ಲ, ಮಾತಿಲ್ಲ. ಬೆಳಗ್ಗೆ ಕಂಸ ಅವರನ್ನು ಏನು ಮಾಡಿದ ಎಂದು ಕೇಳಿದವರೂ ಇಲ್ಲ. ಜೈಲು ಕಾಯುವವನ ಪಾಡು ನಮ್ಮ ಭಾಷೆಯಲ್ಲೂ ಹೆಚ್ಚುಕಡಿಮೆ ಹೀಗೇ ಆಗಿದೆ.

ಇದಕ್ಕೆ ಕಾರಣ ಹುಡುಕಲು ತುಂಬಾ ದೂರ ಹೋಗಬೇಕಿಲ್ಲ. ಇಷ್ಟು ವರ್ಷ ಒಳಗಿಡುವುದೇ ಶಿಕ್ಷೆ ಎಂಬ ಪದ್ಧತಿ ನಮ್ಮಲ್ಲಿ ಬೇರುಬಿಟ್ಟದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೂ ಮೊದಲು ದಂಡ, ಛಡಿಯೇಟು, ಅಂಗಛೇದ, ಗಡೀಪಾರು ಇದ್ದವು. ಸೆರೆಯೂ ಇತ್ತು. ಆದರೆ ಅದು ವಿಚಾರಣೆ ಮುಗಿಯುವ ತನಕ, ಬಾಕಿ ಕಟ್ಟುವ ತನಕ ಕೂಡಿಹಾಕುವ ಜಾಗ. ಇಲ್ಲವೇ ಸೋತ ಅರಸನನ್ನು ಇಡುವ ಕೋಟೆಯ ಮೂಲೆ. ಆನಗೋಡಿನ ಸೀಮೆ ಒಂದು ಕಾಲಕ್ಕೆ ಚಿತ್ರದುರ್ಗದ ನಾಯಕರ ಆಳ್ವಿಕೆಗೆ ಸೇರಿತ್ತು. ಆ ಮನೆತನದ ಕೊನೆಯ ಮದಕರಿನಾಯಕನನ್ನು ಹೈದರಾಲಿ 1779ರಲ್ಲಿ ಕೈಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಮರುವರ್ಷ ಪೊಳ್ಳಿಲೂರಿನ ಯುದ್ಧದಲ್ಲಿ ಸಿಕ್ಕಿಬಿದ್ದ ಕರ್ನಲ್ ಬೇಲಿಯೂ ಅದೇ ಪಟ್ಟಣಕ್ಕೆ ಬಂದು 1782ರಲ್ಲಿ ಅಲ್ಲೇ ಸತ್ತ. ಇಂಥ ಸೆರೆಗಳ ಹೊಣೆ ಕೋಟೆಯ ಕಿಲ್ಲೇದಾರನದು. ಅವನಿಗೆ ಕೋಟೆ ಕಾಯುವುದು ಮುಖ್ಯ ಕೆಲಸ, ಸೆರೆಯಾಳು ಕಾಯುವುದು ಅದರ ಜೊತೆಗೆ ಬಂದದ್ದು. ಹಳ್ಳಿಯಲ್ಲಿ ಕಳ್ಳನನ್ನು ಚಾವಡಿಯ ಕಂಬಕ್ಕೆ ಕಟ್ಟಿ ಕಾಯುತ್ತಿದ್ದವನು ತಳವಾರ. ಅವನಿಗೂ ಊರು ಕಾಯುವ ನೂರು ಕೆಲಸಗಳ ನಡುವೆ ಅದೊಂದು. ಸೆರೆ ಕಾಯುವುದನ್ನೇ ಕಸುಬು ಮಾಡಿಕೊಂಡವನು ಇರಲಿಲ್ಲ, ಹಾಗಾಗಿ ಅವನಿಗೊಂದು ಹೆಸರೂ ಹುಟ್ಟಲಿಲ್ಲ.

ಕಸುಬು ಬಂದಾಗ ಹೆಸರೂ ಅದರ ಜೊತೆ ಹಡಗಿನಲ್ಲಿ ಬಂತು. 1894ರ ಬಂದೀಖಾನೆ ಕಾಯ್ದೆ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಜೈಲರ್, ವಾರ್ಡರ್, ಗೇಟ್‌ಕೀಪರ್ ಎಂಬ ಹುದ್ದೆಗಳನ್ನು ಗಟ್ಟಿ ಮಾಡಿತು. ಸ್ವಾತಂತ್ರ್ಯ ಬಂದು, ರಾಜ್ಯ ಒಂದಾದ ಮೇಲೆ ನಮ್ಮದೇ 1963ರ ಬಂದೀಖಾನೆ ಕಾಯ್ದೆ ಆಯಿತು. ಅದೂ ನಡೆದದ್ದು ಅದೇ ಜಾಡಿನಲ್ಲಿ.

ಒಂದಾಗುವ ಮೊದಲಿನ ಮಾತು ಹೇಳಬೇಕಾದರೆ ಹರಿಹರದ ಸೇತುವೆ ದಾಟಬೇಕು. ತುಂಗಭದ್ರೆಯ ಈ ದಡ ಮೈಸೂರು ಸಂಸ್ಥಾನ, ಆ ದಡದ ರಾಣೆಬೆನ್ನೂರು ಮುಂಬೈ ಪ್ರಾಂತ್ಯ. ಇತ್ತ ಹರಪನಹಳ್ಳಿ ಕಡೆ ಹೋದರೆ ಮದರಾಸಿನವರ ಬಳ್ಳಾರಿ ಜಿಲ್ಲೆ. ಈ ಕಡೆಯವರು ಜೈಲಿಗೆ ಹೋದರೆ ಮುಂಬೈ ಪ್ರಾಂತ್ಯದ ಕಡೆಯವರು ‘ತುರಂಗ’ಕ್ಕೆ ಹೋಗುತ್ತಿದ್ದರು. ತುರಂಗ ಮರಾಠಿಯಿಂದ ಬಂದದ್ದು, ಮರಾಠಿಗೆ ಅದು ಸಿಕ್ಕಿದ್ದು ಪೋರ್ಚುಗೀಸರಿಂದ. ಅವರ ‘ತ್ರೊಂಕು’ ಎಂದರೆ ಮರದ ಬೊಡ್ಡೆ, ಕೈದಿಯ ಕಾಲು ಸಿಕ್ಕಿಸುವ ಕೋಳದ ಮರ. ನಮ್ಮ ಹಳೆಯ ಕಾವ್ಯ ಓದಿದವರಿಗೆ ತುರಂಗ ಎಂದರೆ ಕುದುರೆ. ಮಹಾರಾಷ್ಟ್ರದಲ್ಲಿ ಈಗಲೂ ಜೈಲರನಿಗೆ ‘ತುರುಂಗಾಧಿಕಾರಿ’ ಎನ್ನುತ್ತಾರೆ. ಪಂಪನ ಕಾಲದವರು ಕೇಳಿದ್ದರೆ ಅಶ್ವಪಡೆಯ ದಳವಾಯಿ ಎಂದುಕೊಂಡು ಕೈಮುಗಿಯುತ್ತಿದ್ದರು.

ಇನ್ನು ಜೈಲರ್. 2023ರಲ್ಲಿ ರಜನಿಕಾಂತರ ಸಿನಿಮಾ ಬಂದ ಮೇಲೆ ಈ ಪದಕ್ಕೆ ಅರ್ಥ ಹೇಳುವ ಕೆಲಸ ಯಾರಿಗೂ ಉಳಿದಿಲ್ಲ. ಮಂಡ್ಯದ ನರಸಿಂಹನಾಗಿ ಶಿವರಾಜಕುಮಾರ್ ಎದ್ದು ಬಂದ ದೃಶ್ಯಕ್ಕೆ ನಮ್ಮೂರ ಥಿಯೇಟರಿನವರೂ ಸಿಳ್ಳೆ ಹೊಡೆದರು. ಆದರೆ ಪದದ ಬೇರು ಬೇರೆ ಕಥೆ ಹೇಳುತ್ತದೆ. ಜೈಲು ಎಂಬುದು ಲ್ಯಾಟಿನ್ನಿನ ‘ಕಾವೆಯಾ’ದಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ ಇಳಿದ ಪದ. ಕಾವೆಯಾ ಎಂದರೆ ಪಂಜರ. ಇಂಗ್ಲಿಷಿನಲ್ಲಿ ಪಂಜರಕ್ಕೆ ಹೇಳುವ ‘ಕೇಜ್’ ಕೂಡ ಅದೇ ಬೇರಿನದು. ಅಂದರೆ ಜೈಲರ್ ಹುಟ್ಟಿನಿಂದಲೇ ಪಂಜರದವನು. ವಾರ್ಡರ್ ಹಾಗಲ್ಲ. ಅದು ‘ವಾರ್ಡ್’ನಿಂದ ಬಂದದ್ದು, ಗಾರ್ಡ್ ಎಂಬುದರ ಒಡಹುಟ್ಟು. ಕಾಯುವುದು, ಕಾಪಾಡುವುದು ಅದರ ಮೂಲ. ಆಸ್ಪತ್ರೆಯ ವಾರ್ಡು, ಮಹಾನಗರ ಪಾಲಿಕೆಯ ವಾರ್ಡು, ಹಾಸ್ಟೆಲ್ಲಿನ ವಾರ್ಡನ್, ಎಲ್ಲ ಒಂದೇ ಬಳಗ. ಒಬ್ಬನ ಸುಪರ್ದಿಗೆ ಬಿಟ್ಟ ಜೀವ ಅಥವಾ ಜಾಗ ಎಂಬ ಭಾವ ಇವೆಲ್ಲದರಲ್ಲೂ ಉಂಟು. ಇಂಗ್ಲಿಷ್ ಕಾನೂನಿನಲ್ಲಿ ಪೋಷಕರಿಲ್ಲದ ಮಗುವನ್ನೂ ಪಾಲಕನ ‘ವಾರ್ಡ್’ ಎನ್ನುತ್ತಾರೆ.

ಇಂಗ್ಲಿಷಿನಲ್ಲಿ ಇನ್ನೊಂದು ಹಳೆಯ ಪದವಿತ್ತು, ‘ಟರ್ನ್‌ಕೀ’. ಕೀಲಿ ತಿರುಗಿಸುವವನು, ಜೈಲಿನ ಬೀಗದಾಳು. ಈಗ ಅದನ್ನು ಯಾರೂ ಆ ಅರ್ಥದಲ್ಲಿ ಬಳಸುವುದಿಲ್ಲ. ಆದರೆ ಕುಡಿಯುವ ನೀರಿನ ಯೋಜನೆಯ ಟೆಂಡರು ನೋಡಿ, ‘ಟರ್ನ್‌ಕೀ ಆಧಾರದ ಮೇಲೆ’ ಎಂದಿರುತ್ತದೆ. ಕೆಲಸ ಪೂರ್ತಿ ಮುಗಿಸಿ ಕೀಲಿಕೈ ಕೊಟ್ಟುಬಿಡುವುದು ಎಂದು ಅಲ್ಲಿ ಅರ್ಥ. ಗುತ್ತಿಗೆದಾರರಿಗೆ ಈ ಪದದ ಜೈಲಿನ ನಂಟು ಗೊತ್ತಿಲ್ಲದಿರುವುದು ಒಳ್ಳೆಯದೇ.

ವಾರ್ಡರನನ್ನು ಕನ್ನಡಕ್ಕೆ ತರುವಾಗ ನಡೆದದ್ದು ಏನೆಂದರೆ, ‘ಕಾಯು’ ಎಂಬುದರಲ್ಲಿರುವ ಕಣ್ಣನ್ನು ಹಿಡಿದು ಕಾಪನ್ನು ಕೈಬಿಟ್ಟರು. ಕನ್ನಡದ ಕಾಯುವುದಕ್ಕೆ ಎಷ್ಟು ಮೈಯಿದೆ ನೋಡಿ. ದನ ಕಾಯುತ್ತೇವೆ, ಹೊಲ ಕಾಯುತ್ತೇವೆ, ದೇವರು ಕಾಯಲಿ ಎನ್ನುತ್ತೇವೆ, ಆನಗೋಡು ಕ್ರಾಸಿನಲ್ಲಿ ಬಸ್ಸಿಗೂ ಕಾಯುತ್ತೇವೆ. ಓಡಿಹೋಗದಂತೆ ನೋಡುವುದು, ಕೆಡುಕು ತಟ್ಟದಂತೆ ನೋಡುವುದು, ಹೊತ್ತು ಕಳೆಯುವುದನ್ನು ನೋಡುವುದು, ಮೂರೂ ಒಂದೇ ಮಾತಿನಲ್ಲಿವೆ. ವಾರ್ಡರನ ಪಾಳಿಯಲ್ಲೂ ಈ ಮೂರೇ ಇರುವುದು. ತಮಿಳರು ಇದನ್ನು ಸರಿಯಾಗಿ ಹಿಡಿದರು: ಅವರಲ್ಲಿ ಅವನು ‘ಸಿರೈಕ್ಕಾವಲರ್’. ನಮ್ಮ ಸೆರೆ, ನಮ್ಮ ಕಾವಲು, ಒಂದಕ್ಷರ ಹೊರಗಿನದಿಲ್ಲ. ಉತ್ತರದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಹೆಸರು. ಉತ್ತರ ಪ್ರದೇಶದಲ್ಲಿ ‘ಬಂದೀರಕ್ಷಕ’, ಬಿಹಾರದಲ್ಲಿ ‘ಕಕ್ಷಪಾಲ’, ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ‘ಪ್ರಹರಿ’. ಕೇರಳದವರು ವಾರ್ಡರ್ ಎಂಬುದನ್ನೇ ತೆಗೆದು ‘ಅಸಿಸ್ಟೆಂಟ್ ಪ್ರಿಸನ್ ಆಫೀಸರ್’ ಮಾಡಿದರು. ಆ ಹಾದಿಯಲ್ಲಿ ಇಂಗ್ಲೆಂಡು ಅವರಿಗಿಂತ ಬಹಳ ಮೊದಲೇ, ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲೇ ನಡೆದಿತ್ತು. ಇಷ್ಟು ಹೆಸರುಗಳಲ್ಲಿ ಬರೀ ನೋಡುವವನು ಎಂಬ ಅರ್ಥದ್ದು ನಮ್ಮದೊಂದೇ.

ಈಗ ಅವನ ಕೆಲಸಕ್ಕೆ ಬರೋಣ. ಜೈಲಿನ ಮುಖ್ಯ ಬಾಗಿಲು ಒಂದಲ್ಲ, ಎರಡು. ಒಂದರ ಹಿಂದೆ ಒಂದು, ನಡುವೆ ಒಂದು ಪಡಸಾಲೆಯಷ್ಟು ಜಾಗ. ಎರಡೂ ಒಟ್ಟಿಗೆ ತೆರೆದಿರುವಂತಿಲ್ಲ ಎಂಬುದು ಜೈಲು ಕೈಪಿಡಿಗಳ ಹಳೆಯ ನಿಯಮ. ಹೊರಗಿನದು ಮುಚ್ಚಿ ಬೀಗ ಬಿದ್ದ ಸದ್ದಾದ ಮೇಲೆಯೇ ಒಳಗಿನ ಕಿರುಬಾಗಿಲು ತೆರೆಯಬೇಕು. ಆ ನಡುವಿನ ಜಾಗದಲ್ಲಿ ನಿಂತವನು ಬಂದ ಪ್ರತಿಯೊಬ್ಬನ ಹೆಸರು, ಹೊತ್ತು ಬರೆಯುತ್ತಾನೆ, ಜೇಬು, ಚಪ್ಪಲಿಯ ಅಟ್ಟೆ, ಅಕ್ಕಿ ಮೂಟೆ, ಹಾಲಿನ ಕ್ಯಾನು ತಡವುತ್ತಾನೆ. ಒಳಗೆ ಹೋಗುವ, ಹೊರಗೆ ಬರುವ ಏನನ್ನಾದರೂ ತಪಾಸಣೆ ಮಾಡುವ ಅಧಿಕಾರವನ್ನು 1894ರ ಕಾಯ್ದೆಯ 21ನೇ ಕಲಮು ಗೇಟ್‌ಕೀಪರನಿಗೆ ಕೊಟ್ಟಿದೆ. ಸಂಜೆ ಹೊತ್ತಿಳಿಯುವ ಮುನ್ನ ಎಣಿಕೆ. ಬಂದಿಗಳನ್ನು ಸಾಲಾಗಿ ಕುಕ್ಕರುಗಾಲಲ್ಲಿ ಕೂರಿಸಿ ಎಣಿಸಿ ಬ್ಯಾರಕ್ಕಿಗೆ ಹಾಕಿ ಬೀಗ ಜಡಿಯುತ್ತಾರೆ. ಗೇಟಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಟ್ಟು ಸಂಖ್ಯೆಗೆ ಅದು ತಾಳೆಯಾಗಬೇಕು. ಒಂದು ತಲೆ ಹೆಚ್ಚೂಕಡಿಮೆ ಬಂದರೆ ಮೊದಲಿನಿಂದ ಎಣಿಸಬೇಕು. ಪಾಳಿ ಮುಗಿದವನೂ ಮನೆಗೆ ಹೋಗುವಂತಿಲ್ಲ.

ಜೈಲರನ ಮೇಲಂತೂ ಆ ಕಾಯ್ದೆ ಇನ್ನೂ ಬಿಗಿ. ಅವನು ಜೈಲಿನಲ್ಲೇ ವಾಸವಿರಬೇಕು, ಬೇರೆ ಕಡೆ ಇರಬೇಕಾದರೆ ಅಧೀಕ್ಷಕರ ಲಿಖಿತ ಅಪ್ಪಣೆ ಬೇಕು. ಒಂದು ರಾತ್ರಿ ಹೊರಗೆ ತಂಗುವುದಕ್ಕೂ ಲಿಖಿತ ಅಪ್ಪಣೆ. ಬಂದಿಯೊಂದಿಗೆ ಯಾವ ಬಗೆಯ ವ್ಯಾಪಾರ ವ್ಯವಹಾರವನ್ನೂ ಜೈಲಿನ ನೌಕರ ಇಟ್ಟುಕೊಳ್ಳುವಂತಿಲ್ಲ. ಓದುತ್ತಾ ಹೋದರೆ ಯಾರು ಬಂದಿ ಎಂಬುದೇ ಕೊಂಚ ಮಸುಕಾಗುತ್ತದೆ. ಎಂಟು ವರ್ಷ ಸಜೆಯಾದವನು ಎಂಟು ವರ್ಷಕ್ಕೆ ಹೊರಗೆ ಬರುತ್ತಾನೆ, ವಾರ್ಡರನಿಗೆ ನಿವೃತ್ತಿಯ ತನಕ ಅದೇ ಗೋಡೆ.

ಅದೇ ಕಾಯ್ದೆಯಲ್ಲಿ ಇನ್ನೊಂದು ಸೋಜಿಗವಿದೆ. ಕೈದಿಗಳಲ್ಲೇ ಕೆಲವರನ್ನು ಆರಿಸಿ ಜೈಲಿನ ಅಧಿಕಾರಿಗಳನ್ನಾಗಿ ನೇಮಿಸಬಹುದು, ಅಂಥವರನ್ನು ಸರ್ಕಾರಿ ನೌಕರರೆಂದೇ ಭಾವಿಸಬೇಕು ಎನ್ನುತ್ತದೆ 23ನೇ ಕಲಮು. ಖರ್ಚು ಉಳಿಸಲು ಕಂಡುಕೊಂಡ ಉಪಾಯವಿದು. ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ ಡೇವಿಡ್ ಬ್ಯಾರಿ ಎಂಬ ಜೈಲರ್ ಇದ್ದ ಕಾಲದಲ್ಲಿ ರಾಜಕೀಯ ಕೈದಿಗಳ ಮೇಲೆ ದಿನನಿತ್ಯದ ದರ್ಬಾರು ನಡೆಸಿದವರು ಇಂಥ ಕೈದಿ ವಾರ್ಡರುಗಳು, ‘ಪೆಟಿ ಆಫೀಸರು’ಗಳು. ಒಂದು ಬಿಲ್ಲೆ, ಒಂದು ಬೆಲ್ಟು ಸಿಕ್ಕ ಕೂಡಲೇ ನಿನ್ನೆಯ ಸೆರೆಯಾಳು ಇಂದು ಕಾವಲುಗಾರ. ನೋಡುವವನು ಮತ್ತು ನೋಡಿಸಿಕೊಳ್ಳುವವನು ಅಷ್ಟು ಸುಲಭಕ್ಕೆ ಬೇರೆಯಾಗುವುದಿಲ್ಲ.

ಬರೀ ನೋಡುವವನಾಗಿದ್ದರೆ ವಾರ್ಡರನ ಹೆಸರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿ ಕೂತಿದ್ದ ಸುನಿಲ್ ಬಾತ್ರಾ, ಪಕ್ಕದ ಕೈದಿಯೊಬ್ಬನಿಗೆ ಹೆಡ್ ವಾರ್ಡರ್ ಕೊಟ್ಟ ಚಿತ್ರಹಿಂಸೆಯ ಬಗ್ಗೆ ನ್ಯಾಯಮೂರ್ತಿಗಳಿಗೆ ಕಾಗದ ಬರೆದರು. ದುಡ್ಡಿಗಾಗಿ ನಡೆದ ಹಿಂಸೆ ಅದು. ಆ ಕಾಗದವನ್ನೇ ಅರ್ಜಿಯೆಂದು ತೆಗೆದುಕೊಂಡು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ 1979ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಜೈಲಿನ ಬಾಗಿಲು ದಾಟಿದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕುಗಳು ಹೊರಗೆ ಉಳಿಯುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ನಮ್ಮ ರಾಜ್ಯದ್ದೂ ಒಂದು ಕಾಗದವಿದೆ. ಬೆಂಗಳೂರು ಸೆಂಟ್ರಲ್ ಜೈಲಿನ ಬಂದಿ ರಾಮಮೂರ್ತಿ ಬರೆದ ಪತ್ರ ‘ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆಯಾಯಿತು. 1996ರ ಡಿಸೆಂಬರಿನಲ್ಲಿ ಬಂದ ತೀರ್ಪು ಭಾರತದ ಜೈಲುಗಳ ಒಂಬತ್ತು ಕಾಯಿಲೆಗಳನ್ನು ಹೆಸರಿಟ್ಟು ಹೇಳಿತು: ಕಿಕ್ಕಿರಿದ ಬ್ಯಾರಕ್ಕು, ಎಳೆಯುತ್ತಾ ಹೋಗುವ ವಿಚಾರಣೆ, ಹಿಂಸೆ, ಆರೋಗ್ಯದ ಕಡೆಗಣನೆ, ಕಳಪೆ ಊಟ ಬಟ್ಟೆ, ಒಳಗಿನ ದುಶ್ಚಟಗಳು, ಹೊರಗಿನವರೊಂದಿಗೆ ಸಂಪರ್ಕದ ಕೊರತೆ, ಹದತಪ್ಪಿದ ಜೈಲು ಭೇಟಿಗಳು, ಬಯಲು ಬಂದೀಖಾನೆಗಳ ನಿರ್ವಹಣೆ. ಇವುಗಳಲ್ಲಿ ಅರ್ಧಕ್ಕರ್ಧ ದಿನವೂ ಮೊದಲು ಗೊತ್ತಾಗುವುದು ವಾರ್ಡರನಿಗೆ. ಬಂದಿಯ ಎದೆನೋವು, ನೇಣಿನ ಯೋಚನೆ, ಊಟ ಬಿಟ್ಟದ್ದು, ಜಗಳ, ಯಾವುದಾದರೂ ಅವನ ಕಣ್ಣಿಗೆ ಮೊದಲು ಬೀಳುತ್ತದೆ. ಬಿದ್ದ ಮೇಲೆ ಅವನು ಏನು ಮಾಡಿದ ಎಂಬುದೇ ಪ್ರಶ್ನೆ. ನೋಡುತ್ತಾ ನಿಂತಿದ್ದ ಎಂಬುದು ಅವನ ಹುದ್ದೆಯ ಹೆಸರಾಗಬಾರದು, ಅವನ ಮೇಲಿನ ಆರೋಪಪಟ್ಟಿಯ ಸಾಲಾಗಬೇಕು.

ಎಲ್ಲವನ್ನೂ ಅವನ ತಲೆಗೆ ಕಟ್ಟುವುದೂ ಅನ್ಯಾಯ. ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕೆಂದು 2016ರ ಮಾದರಿ ಕಾರಾಗೃಹ ಕೈಪಿಡಿ ಹೇಳುತ್ತದೆ. ಕೈಪಿಡಿ ಹೇಳಿದ್ದು ಹಾಳೆಯ ಮೇಲಿದೆ. ಬ್ಯಾರಕ್ಕಿನ ಮುಂದೆ ರಾತ್ರಿ ಪಾಳಿಯವನನ್ನು ಕೇಳಿದರೆ ಬೇರೆ ಲೆಕ್ಕ ಕೊಡುತ್ತಾನೆ.

ನಿಜವಾದ ವೀಕ್ಷಕರು ಜೈಲಿಗೆ ಬೇರೆಯೇ ಇದ್ದಾರೆ ಎಂಬುದು ಈ ಹೆಸರಿನ ಇನ್ನೊಂದು ಎಡವಟ್ಟು. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ ಮುಂತಾದವರು ಜೈಲಿಗೆ ಭೇಟಿ ಕೊಟ್ಟು, ಅಡುಗೆಮನೆ ನೋಡಿ, ಬಂದಿಗಳ ಅಹವಾಲು ಕೇಳಿ, ಪುಸ್ತಕದಲ್ಲಿ ಷರಾ ಬರೆದು ಬರುವ ಪದ್ಧತಿ ಕಾನೂನಿನಲ್ಲೇ ಇದೆ. ಅಧಿಕಾರಿಗಳಲ್ಲದ ನಾಗರಿಕರನ್ನೂ ಇದಕ್ಕೆ ನೇಮಿಸುತ್ತಾರೆ. ಇವರನ್ನು ‘ಸಂದರ್ಶಕರು’ ಎಂದು ಕರೆದರು. ಸಂದರ್ಶನ ಎಂಬ ಪದವೋ, ಜೈಲಿನಲ್ಲಿ ಬಂದಿಯನ್ನು ನೋಡಲು ಬರುವ ಮನೆಯವರ ಭೇಟಿಗೂ ಅದೇ. ಮಗ ವಾರ್ಡರ್ ಕೆಲಸದ ಸಂದರ್ಶನಕ್ಕೆ ಹೋದನೇ, ಕಂಬಿಯ ಈಚೆ ನಿಂತು ಯಾರನ್ನೋ ಮಾತಾಡಿಸುವ ಸಂದರ್ಶನಕ್ಕೆ ಹೋದನೇ ಎಂದು ಅಕ್ಕಪಕ್ಕದವರಿಗೆ ಬಿಡಿಸಿ ಹೇಳಬೇಕು. ವೀಕ್ಷಕ ಎಂಬುದನ್ನು ನ್ಯಾಯಾಧೀಶರಿಗೆ ಕೊಟ್ಟಿದ್ದರೆ ಎಷ್ಟು ಚೆನ್ನಾಗಿ ಹೊಂದುತ್ತಿತ್ತು!

ಜನಸಾಮಾನ್ಯರ ಬಾಯಲ್ಲಿ ಈ ಗೊಂದಲ ಯಾವುದೂ ಇಲ್ಲ. ಅವರಿಗೆ ಖಾಕಿ ಹಾಕಿದವರೆಲ್ಲ ಪೊಲೀಸರು. ಜೈಲು ವಾರ್ಡರನೂ ‘ಪೋಲಿಸ್ನೋರು’. ಇದನ್ನು ನಾನು ಸಣ್ಣ ತಪ್ಪು ಎನ್ನಲಾರೆ, ಆನಗೋಡಿನಲ್ಲಿ ನಿಂತು ಹೇಳುವಾಗ ಇನ್ನೂ ಎನ್ನಲಾರೆ. 1992ರ ಸೆಪ್ಟೆಂಬರ್ 13ರಂದು ರೈತ ಚಳವಳಿಯ ಮೇಲೆ ಇಲ್ಲಿ ಗೋಲಿಬಾರ್ ಆಯಿತು. ಓಬೇನಹಳ್ಳಿಯ ಕಲ್ಲಿಂಗಪ್ಪ, ಸಿದ್ದನೂರಿನ ನಾಗರಾಜಾಚಾರ್ ಎಂಬ ಇಬ್ಬರು ರೈತರು ಸತ್ತರು. ಪ್ರತಿವರ್ಷ ಆ ದಿನ ಹಸಿರು ಶಾಲಿನವರು ಅವರ ಸ್ಮಾರಕದ ಬಳಿ ಸೇರುತ್ತಾರೆ. ಪೊಲೀಸ್ ಎಂಬ ಪದ ಈ ಊರಿನ ನೆನಪಿನಲ್ಲಿ ಏನು ಹೊತ್ತಿದೆ ಎಂಬುದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ವಾರ್ಡರ್ ಆ ಇಲಾಖೆಯವನಲ್ಲ. ಅವನು ಯಾರನ್ನೂ ಬಂಧಿಸುವುದಿಲ್ಲ, ತನಿಖೆ ಮಾಡುವುದಿಲ್ಲ. ನ್ಯಾಯಾಲಯ ಚೀಟಿ ಕೊಟ್ಟು ಕಳಿಸಿದವರನ್ನು ಒಳಗೆ ತೆಗೆದುಕೊಳ್ಳುತ್ತಾನೆ, ಬಿಡು ಎಂದ ದಿನ ಬಿಡುತ್ತಾನೆ.

ರೈತ ಸಂಘದ ಹಳಬರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಎಂಬತ್ತರ ದಶಕದಲ್ಲಿ ಪ್ರೊ. ನಂಜುಂಡಸ್ವಾಮಿಯವರ ಕರೆಗೆ ಓಗೊಟ್ಟು ಜೈಲು ತುಂಬಿದ ಪೀಳಿಗೆ ಅದು. ಅದಕ್ಕೂ ಹಿಂದಿನವರು, 1939ರಲ್ಲಿ ನಮ್ಮ ನೆರೆಯ ತುರುವನೂರಿನಲ್ಲಿ ಈಚಲು ಮರ ಕಡಿದು ಜೈಲಿಗೆ ಹೋದ ಅರಣ್ಯ ಸತ್ಯಾಗ್ರಹಿಗಳು. ದಾವಣಗೆರೆಯಲ್ಲಿ ಓದಿ ಬೆಳೆದ ಎಸ್. ನಿಜಲಿಂಗಪ್ಪನವರೂ ಆ ಹೋರಾಟದಲ್ಲಿ ಸೆರೆಮನೆ ಕಂಡರು. ಚಳವಳಿ ಮಾಡಿದವರ ಮಾತಿನಲ್ಲಿ ಲಾಠಿ ಬೀಸಿದವನು ಒಬ್ಬ, ಒಳಗೆ ಚಾಪೆ ಕೊಟ್ಟವನು ಇನ್ನೊಬ್ಬ.

ಹಾಗಾದರೆ ಏನೆಂದು ಕರೆಯೋಣ? ‘ಕಾವಲುಗಾರ’ ಚೆಂದದ ಪದ, ಆದರೆ ಎ.ಟಿ.ಎಂ. ಮುಂದೆ ಕುರ್ಚಿ ಹಾಕಿಕೊಂಡು ಕೂತವನೂ ಕಾವಲುಗಾರನೇ. ನೌಕರರು ಒಪ್ಪಲಾರರು, ಅವರು ಒಪ್ಪದಿರುವುದರಲ್ಲಿ ಅರ್ಥವೂ ಇದೆ. ಹುದ್ದೆಯ ಹೆಸರಿಗೆ ಮರ್ಯಾದೆಯ ಪ್ರಶ್ನೆ ಅಂಟಿಕೊಂಡಿರುತ್ತದೆ. ಗ್ರಾಮ ಲೆಕ್ಕಿಗರು ಕೇಳಿ ಕೇಳಿ ಕೊನೆಗೆ ಗ್ರಾಮ ಆಡಳಿತ ಅಧಿಕಾರಿಗಳಾಗಲಿಲ್ಲವೇ?

ಉತ್ತರ ಆನಗೋಡಿನಲ್ಲೇ ಇದೆ, ಹೆದ್ದಾರಿಗೆ ಹತ್ತಿರದಲ್ಲೇ. ಇಂದಿರಾ ಪ್ರಿಯದರ್ಶಿನಿ ಪ್ರಾಣಿ ಸಂಗ್ರಹಾಲಯಕ್ಕೆ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗದ ದಾವಣಗೆರೆಯ ಮನೆಗಳು ಕಡಿಮೆ. ಜೈಲು ಎಂಬುದರ ಬೇರಿನಲ್ಲಿರುವ ಪಂಜರ ಅಲ್ಲಿ ಕಣ್ಣೆದುರಿಗೇ ಇದೆ. ಅಲ್ಲಿಯೂ ಬೀಗ, ಕಂಬಿ, ಎಣಿಕೆ, ಹೊತ್ತಿಗೆ ಸರಿಯಾಗಿ ಊಟ, ಕಾಯಿಲೆ ಬಿದ್ದರೆ ವೈದ್ಯರಿಗೆ ಕರೆ. ಆ ಕೆಲಸ ಮಾಡುವವನಿಗೆ ರಾಜ್ಯದ ಮೃಗಾಲಯಗಳಲ್ಲಿ ಇಟ್ಟಿರುವ ಹೆಸರು ‘ಪ್ರಾಣಿಪಾಲಕ’. ಇಂಗ್ಲಿಷಿನಲ್ಲಿ ಹುಲಿಯನ್ನು ನೋಡಿಕೊಳ್ಳುವವನೂ ಕೀಪರ್, ಒಂದು ಕಾಲಕ್ಕೆ ಸೆರೆಮನೆಯ ಯಜಮಾನನೂ ಕೀಪರ್. ನಮ್ಮಲ್ಲಿ ಜಿಂಕೆಗೆ, ಕರಡಿಗೆ ಪಾಲಕನಿದ್ದಾನೆ. ಹಾಸ್ಟೆಲ್ಲಿನ ಹುಡುಗರಿಗೆ ‘ನಿಲಯಪಾಲಕ’ ಇದ್ದಾನೆ. ಜೈಲಿನ ಮನುಷ್ಯನಿಗೆ ಮಾತ್ರ ವೀಕ್ಷಕ. ಮೃಗಾಲಯದಲ್ಲಿ ವೀಕ್ಷಕರು ಯಾರೆಂದರೆ ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವ ನಾವು. ಕಡಲೆಕಾಯಿ ತಿಂದು, ಫೋಟೋ ತೆಗೆದು, ಮನೆಗೆ ಬರುವವರು.

ನನ್ನ ಮತ ‘ಬಂದಿಪಾಲಕ’ಕ್ಕೆ. ಪಾಲಕ ಎಂದರೆ ತಂದೆ ತಾಯಿಯಲ್ಲವೇ, ಧಾರವಾಡದ ಕಡೆ ಶಾಲೆಯಲ್ಲಿ ಪಾಲಕರ ಸಭೆ ಕರೆಯುತ್ತಾರಲ್ಲ ಎಂದು ಆಕ್ಷೇಪ ಬರಬಹುದು. ರಾಜ್ಯಪಾಲ, ಲೋಕಪಾಲ, ದ್ವಾರಪಾಲಕರೆಲ್ಲ ಯಾರ ತಂದೆ ತಾಯಿ? ವಶಕ್ಕೆ ಬಂದದ್ದನ್ನು ಹಾಳಾಗದಂತೆ ಕಾದು ಒಪ್ಪಿಸುವ ಹೊಣೆ ಆ ಪದದಲ್ಲಿದೆ. ಹೆಸರು ಬದಲಿಸಿದ ಮಾತ್ರಕ್ಕೆ ಲಾಠಿ ಮೆತ್ತಗಾಗುತ್ತದೆ, ಗೇಟಿನಲ್ಲಿ ಬೀಡಿ ಕಟ್ಟು ದಾಟಿಸುವ ದಂಧೆ ನಿಲ್ಲುತ್ತದೆ ಎಂದು ನಾನು ನಂಬುವಷ್ಟು ಮುಗ್ಧನಲ್ಲ. ಆದರೆ ಇಲಾಖೆ ತನ್ನ ಹೆಸರನ್ನೇ ‘ಕಾರಾಗೃಹ ಮತ್ತು ಸುಧಾರಣಾ ಸೇವೆಗಳು’ ಎಂದು ಬದಲಿಸಿಕೊಂಡಿದೆ. ಸುಧಾರಣೆಯ ಮಾತಾಡುವ ಮನೆಯ ಬಾಗಿಲಲ್ಲಿ ನೋಡುವವನೊಬ್ಬನನ್ನು ನಿಲ್ಲಿಸಿದರೆ ಅದು ಬೋರ್ಡಿಗೂ ಆಳಿಗೂ ತಾಳೆಯಾಗದ ಮಾತು.

ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕಾರಾಗೃಹ ರಾಜ್ಯಪಟ್ಟಿಯ ನಾಲ್ಕನೇ ನಮೂದು. ನೇಮಕಾತಿ ನಿಯಮದಲ್ಲಿ ಒಂದು ಪದ ತಿದ್ದಲು ವಿಧಾನಸೌಧದ ಒಂದು ಕಡತ ಸಾಕು. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮತ್ತು ಗೃಹ ಇಲಾಖೆ ಒಮ್ಮೆ ಕೂತು ಮಾತಾಡಲಿ. ಅಲ್ಲಿಯವರೆಗೆ ಪತ್ರಿಕೆಯ ಡೆಸ್ಕಿನಲ್ಲಿ ಕೂತ ಗೆಳೆಯರಲ್ಲಿ ಒಂದು ಕೋರಿಕೆ: ಜೈಲಿನ ಸುದ್ದಿ ಬರೆಯುವಾಗ ‘ವೀಕ್ಷಕ’ ಎಂದು ಬರೆಯಬೇಡಿ, ‘ಜೈಲು ಪೊಲೀಸ್’ ಎಂದು ಬರೆಯಲೇಬೇಡಿ. ‘ವಾರ್ಡರ್’ ಎಂದೇ ಬರೆಯಿರಿ, ಓದುವವರಿಗೆ ಅರ್ಥವಾಗುತ್ತದೆ.